ಸಹಾಯ ಬೇಕು: ಹೂ ಮುಗಿದ ಟ್ಯುಲಿಪ್ ಗಡ್ಡೆಗಳನ್ನು ಮತ್ತೆ ನೆಡುವುದು ಹೇಗೆ?

ಎಲ್ಲರಿಗೂ ಶರಣು. ನಾನು ಕಲಬುರಗಿಯವಳು. ಜನವರಿಯಲ್ಲಿ ತಮ್ಮ ದೆಹಲಿಯಿಂದ ತಂದುಕೊಟ್ಟ ಟ್ಯುಲಿಪ್ ಕುಂಡದ ಹೂಗಳು ವಾರದೊಳಗೆ ಉದುರಿದವು. ಎಲೆ ತಾನಾಗಿ ಹಳದಿಯಾಗುವವರೆಗೆ ಬಿಟ್ಟು, ಗಡ್ಡೆ ಕಿತ್ತು ನೆರಳಿನಲ್ಲಿ ಹರವಿದ್ದೇನೆ. ಮೂರು ಗಟ್ಟಿಯಾಗಿವೆ, ಎರಡು ಬೆಳ್ಳುಳ್ಳಿ ಎಸಳಿನಷ್ಟು ಸೊರಗಿವೆ.

ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಗಡ್ಡೆಗೋ ಮತ್ತೆ ಹೂ ಬಿಡಲು 12ರಿಂದ 16 ವಾರ, 5 ಡಿಗ್ರಿ ಆಸುಪಾಸಿನ ಚಳಿ ಬೇಕು. ಫ್ರಿಜ್ಜೇ ಗತಿ. ಆದರೆ ಹಣ್ಣುಗಳಿಂದ ಹೊರಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ. ಹಣ್ಣನ್ನು ಹೊರಗಿಡೋಣ ಎಂದರೆ ಅತ್ತೆಯವರು ನನ್ನನ್ನೇ ಹೊರಗಿಟ್ಟಾರು!

ಚಳಿಗಿಡುವ ಮುನ್ನ, ಸೆಪ್ಟೆಂಬರ್‌ವರೆಗೆ ಇವುಗಳನ್ನು ಎಲ್ಲಿಡಲಿ? ನಮ್ಮ ಎರೆಮಣ್ಣು ನೀರು ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆ, ಮರಳು ಎಷ್ಟು ಬೆರೆಸಬೇಕು? ಈ ಭಾಗದಲ್ಲಿ ಎರಡನೆಯ ವರ್ಷವೂ ಹೂ ಕಂಡವರಿದ್ದರೆ ದಯವಿಟ್ಟು ತಿಳಿಸಿ. ಸುಗಂಧರಾಜ ನೆಡು ಎಂಬ ಸಲಹೆ ಈಗಾಗಲೇ ಮನೆಯಲ್ಲೇ ಸಿಕ್ಕಿದೆ.