ಗರಡಿಯಿಂದ ಜೂಡೊಗೆ ಹೋದರೆ ಕುಸ್ತಿ ಪಟ್ಟು ನಡೆಯುತ್ತಾ?

ಧಾರವಾಡದ ಹುಡುಗ:
ಎಲ್ಲರಿಗೂ ನಮಸ್ಕಾರ. ಊರಲ್ಲಿ ಚಿಕ್ಕಂದಿನಿಂದ ಮಣ್ಣಿನ ಕುಸ್ತಿ ಆಡಿದ್ದೇನೆ. ಈಗ ಬೆಂಗಳೂರಲ್ಲಿ ಕಾಲೇಜು. ಹತ್ತಿರ ಗರಡಿ ಇಲ್ಲ, ಜೂಡೊ ಕ್ಲಾಸ್ ಇದೆ. ಸೇರಿದರೆ ಎಲ್ಲಾ ಮೊದಲಿಂದ ಕಲಿಯಬೇಕಾ? ಎರಡೂ ಕೆಡವುವ ಆಟವೇ ಅಲ್ವಾ?

ಹಳೇ ಪೈಲ್ವಾನ್:
ಸೇರು ತಮ್ಮಾ. ನಾನೂ ಗರಡಿ ಬಿಟ್ಟು ಜೂಡೊಗೆ ಹೋದವನೇ. ಸೊಂಟದ ಬಲ, ಎದುರಿನವನ ತೂಕ ಯಾವ ಕಾಲಿನ ಮೇಲಿದೆ ಅನ್ನೋ ಅಂದಾಜು, ಇವು ಜೊತೆಗೇ ಬರುತ್ತವೆ. ಎದುರಿನವನನ್ನು ಹೆಗಲ ಮೇಲಿಂದ ಎತ್ತಿ ಹಾಕುವ ನಮ್ಮ ಧೋಬಿ ಪಛಾಡ್ ಬಂದರೆ ಜೂಡೊದ ಸೆಯೊಯಿ ನಾಗೆ ಅರ್ಧ ಬಂದ ಹಾಗೆಯೇ.

ತೊಂದರೆ ಇರುವುದು ಕೈಯಲ್ಲಿ. ನಮ್ಮ ಕೈ ತಾನಾಗಿ ಕಾಲಿಗೆ ಹೋಗುತ್ತದೆ. ಜೂಡೊದಲ್ಲಿ ನಿಂತು ಆಡುವಾಗ ಕಾಲಿಗೆ ಕೈ ಹಾಕಿದರೆ ಶಿಕ್ಷೆ. 2010ರಲ್ಲಿ ಬಿಗಿ ಮಾಡಿದರು, 2013ರಲ್ಲಿ ಪೂರ್ತಿ ಬಂದ್. ಹಾಗಾಗಿ ಕಾಲು ಹಿಡಿದು ಹೊತ್ತು ಹಾಕುವ ಕಲಾಜಂಗ್ ಅಲ್ಲಿ ಆಗಲ್ಲ. ಆ ಪಟ್ಟು ಜೂಡೊದಲ್ಲೇ ಇತ್ತು ನೋಡು, ಕಟಾ ಗುರುಮಾ ಅಂತ. 1882ರಲ್ಲಿ ಜೂಡೊ ಕಟ್ಟಿದ ಕಾನೊ ಜಿಗೊರೊ ಅವರೇ ಅದನ್ನು ಸೇರಿಸಿದ್ದು! ನನಗಂತೂ ಈ ನಿಯಮ ಇವತ್ತಿಗೂ ಹಿಡಿಸಿಲ್ಲ.

ಇನ್ನೊಂದು ಮಾತು. ಕುಸ್ತಿಯಲ್ಲಿ ಕತ್ತು ಊರಿ, ಮೈ ಕಮಾನು ಮಾಡಿ ಉಳಿದುಕೊಳ್ಳುತ್ತೀಯಲ್ಲ? ಎರಡೂ ಭುಜ ತಾಗುವ ತನಕ ಚಿತ್ ಇಲ್ಲ. ಜೂಡೊದಲ್ಲಿ ಎತ್ತಿ ಹಾಕಿದಾಗ ಹಾಗೆ ಕಮಾನಾಗಿ ಬಿದ್ದರೆ ಎದುರಿನವನಿಗೆ ಇಪ್ಪಾನ್, ಅಂದರೆ ಪೂರ್ತಿ ಅಂಕ, ಕೊಟ್ಟುಬಿಡುತ್ತಾರೆ. ಆಟ ಅಲ್ಲಿಗೇ ಮುಗೀತು. ಕತ್ತು ಉಳಿಯಲಿ ಅಂತ ಮಾಡಿದ ನಿಯಮ. ಇದನ್ನು ಒಪ್ಪುತ್ತೇನೆ.

ಜೂಡೊ ಅಮ್ಮ, ಮೈಸೂರು:
ನನ್ನ ಮಗಳು ಜೂಡೊ ಆಡುತ್ತಾಳೆ. ಕುಸ್ತಿಯಿಂದ ಬಂದ ಹುಡುಗರು ಬಿದ್ದ ತಕ್ಷಣ ಹೊಟ್ಟೆ ಮೇಲೆ ಮಲಗಿ ಗಟ್ಟಿಯಾಗಿ ಅವುಚಿಕೊಳ್ಳುತ್ತಾರೆ. ಹಾಗೆ ಸುಮ್ನೆ ಇರಬೇಡಪ್ಪಾ. ಹಿಂದಿನಿಂದ ಕಾಲರ್ ಹಿಡಿದು ಕತ್ತು ಬಿಗಿಯುತ್ತಾರೆ, ಅದಕ್ಕೆ ಇಲ್ಲಿ ಅವಕಾಶ ಇದೆ. ಮೊಣಕೈ ಕೀಲಿಗೂ ಪಟ್ಟು ಹಾಕುತ್ತಾರೆ. ತಡೆಯಲು ಆಗದಿದ್ದರೆ ಕೈ ತಟ್ಟಿ ಸೋಲು ಒಪ್ಪಿಕೋ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಳೇ ಪೈಲ್ವಾನ್:
ಅಕ್ಕಾ ಹೇಳಿದ್ದು ಸರಿ. ಆದರೆ ಬೆನ್ನ ಮೇಲೆ ಕೆಡವಿ ಅದುಮಿ ಹಿಡಿಯುವುದರಲ್ಲಿ ಕುಸ್ತಿಯವರೇ ಜೋರು. 20 ಸೆಕೆಂಡ್ ಬಿಡದೆ ಹಿಡಿದರೆ ಅದೂ ಇಪ್ಪಾನ್.

ಧಾರವಾಡದ ಹುಡುಗ:
ಧನ್ಯವಾದ ಅಣ್ಣಾ, ಅಕ್ಕಾ. ಜೂಡೊದವರು ಹಾಕುವ ಆ ದಪ್ಪ ಬಟ್ಟೆ ಈಗಲೇ ಕೊಳ್ಳಬೇಕಾ?

ಹಳೇ ಪೈಲ್ವಾನ್:
ಅವಸರ ಬೇಡ. ಕ್ಲಾಸಲ್ಲಿ ಹಳೇದು ಇರುತ್ತೆ, ಕೇಳು. ಶುರುವಿನಲ್ಲಿ ಬರೀ ಬೀಳುವುದನ್ನೇ ಕಲಿಸುತ್ತಾರೆ. ಪೈಲ್ವಾನ್ ಅಂತ ಅದನ್ನು ತಪ್ಪಿಸಬೇಡ. ಮತ್ತೆ, ಉಗುರು ಕತ್ತರಿಸಿಕೊಂಡು ಹೋಗು.