ಹಿಂದಿನ ಬೆಂಚಿನ ಸಂಸದರ ಒಂದು ವರ್ಷದ ಕೆಲಸ ಅಳೆಯೋದು ಹೇಗೆ?

ಪ್ರಶ್ನೆ:
ನಮ್ಮ ಲೋಕಸಭಾ ಸದಸ್ಯರು ಮಂತ್ರಿ ಅಲ್ಲ, ಟಿವಿಯಲ್ಲೂ ಕಾಣಿಸುವುದಿಲ್ಲ. ಸಂಸದರ ಕೆಲಸದ ಅಂಕಿಅಂಶ ಕೊಡುವ ಪಿಆರ್‌ಎಸ್ ತಾಣದಲ್ಲಿ ನೋಡಿದರೆ ಪ್ರಶ್ನೆಗಳು ಜಾಸ್ತಿ, ಚರ್ಚೆಗಳು ಕಡಿಮೆ. ಇಷ್ಟು ನೋಡಿ ಏನಾದರೂ ಹೇಳಬಹುದಾ?

ಉತ್ತರ 1:
ಅಂಕಿ ನೋಡಿ ನಿಲ್ಲಬೇಡಿ, ಪ್ರಶ್ನೆಗಳನ್ನೇ ತೆರೆದು ಓದಿ. ಪ್ರತಿ ಅಧಿವೇಶನ ಮುಗಿದ ಮೇಲೆ ನಾನು ಮಾಡುವ ಕೆಲಸ ಇದು.

ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಗುರುತಿಲ್ಲದವು 230. ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಅಷ್ಟೇ. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಕೇಳಿದವರು ಎರಡು ಉಪಪ್ರಶ್ನೆ ಹಾಕಬಹುದು. ಸಂಸದರಿಗೆ ವಿಷಯ ಎಷ್ಟು ಗೊತ್ತು ಅನ್ನುವುದು ಆ ಉಪಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಆದರೆ ಯಾರ ಪ್ರಶ್ನೆ ಬರುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ, ಅದೃಷ್ಟ. ಬಂದರೂ ಪ್ರಶ್ನೋತ್ತರದ ಒಂದು ಗಂಟೆಯೊಳಗೆ 20 ಮುಗಿಯುವುದು ಅಪರೂಪ.

ನಾನು ಮುಖ್ಯವಾಗಿ ನೋಡುವುದು ಬೆನ್ನು ಹತ್ತುವ ಗುಣ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಅಂತ ಉತ್ತರ ಬಂದರೆ ಅದು ಸರ್ಕಾರದ ಭರವಸೆ ಆಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ನೋಡಿಕೊಳ್ಳಲು ಒಂದು ಸಮಿತಿಯೇ ಇದೆ. ಮುಂದಿನ ಅಧಿವೇಶನದಲ್ಲಿ ನಿಮ್ಮ ಸಂಸದರು ಅದೇ ರೈಲು ಮಾರ್ಗ, ಅದೇ ಬೆಳೆ ವಿಮೆ ಬಗ್ಗೆ ಮತ್ತೆ ಕೇಳಿದ್ದಾರಾ? ಕೇಳಿದ್ದರೆ ನನ್ನ ಮಟ್ಟಿಗೆ ಅದು ನೂರು ಬಿಡಿ ಪ್ರಶ್ನೆಗಿಂತ ದೊಡ್ಡದು.

ಉತ್ತರ 2:
ಚರ್ಚೆ ಕಡಿಮೆ ಅಂತ ಬೇಗ ಬೈಯಬೇಡಿ. ಮಸೂದೆ ಚರ್ಚೆಗೆ ಪಕ್ಷದ ಬಲ ನೋಡಿ ಸಮಯ ಹಂಚುತ್ತಾರೆ, ಯಾರು ಮಾತಾಡಬೇಕು ಅಂತ ಪಕ್ಷವೇ ಹೆಸರು ಕೊಡುತ್ತದೆ. ಮಸೂದೆ, ಇಲಾಖೆಗಳ ಕೆಲಸ ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿಗಳಲ್ಲೂ ಕೆಲಸ ಇರುತ್ತದೆ, ಆದರೆ ಆ ಸಭೆಗಳು ಬಾಗಿಲು ಮುಚ್ಚಿ ನಡೆಯುತ್ತವೆ.

ಪ್ರಶ್ನೆ ಕೇಳಿದವರು:
ಮಂತ್ರಿ ಅಲ್ಲದ ಸಂಸದರು ತರುವ ಖಾಸಗಿ ಮಸೂದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾ? ಒಂದೂ ಪಾಸಾಗಲ್ಲ ಅಲ್ವಾ?

ಉತ್ತರ 1:
ಕಾನೂನಾಗಿದ್ದು ಇದುವರೆಗೆ 14 ಮಾತ್ರ, ಕೊನೆಯದು 1970ರಲ್ಲಿ. ಆದರೂ ಹಿಡಿಯಿರಿ. ಡಿಎಂಕೆಯ ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ ಅವರ ತೃತೀಯ ಲಿಂಗಿಗಳ ಹಕ್ಕಿನ ಮಸೂದೆಯನ್ನು 2015ರಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆ ದಾಟದಿದ್ದರೂ ಆ ವಿಷಯಕ್ಕೆ ದೊಡ್ಡ ಬಲ ಬಂತು.

ಇನ್ನೊಂದು. ಸದನದ ಕಲಾಪದ ದಾಖಲೆಯಲ್ಲಿ ಭಾಷಣದ ಪಠ್ಯ ಓದುವಾಗ ನಕ್ಷತ್ರದ ಗುರುತು, ಅಡಿಟಿಪ್ಪಣಿ ಗಮನಿಸಿ. ಕೆಲವು ಭಾಷಣ ಸದನದಲ್ಲಿ ಆಡಿದ್ದೇ ಅಲ್ಲ, ಬರೆದು ಮಂಡಿಸಿದ್ದು. ಇನ್ನು ಕೆಲವು ಕನ್ನಡದಲ್ಲಿ ಆಡಿದ್ದರ ಇಂಗ್ಲಿಷ್ ಅನುವಾದ. ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ತೆರೆದ ದಾರಿ ಅದು. ಅಂಥ ಅನುವಾದ ಸಿಕ್ಕರೆ ಪಠ್ಯ ಬಿಟ್ಟು ಸಂಸದ್ ಟಿವಿ ವಿಡಿಯೊ ನೋಡಿ, ಅವರದೇ ಮಾತು ಕೇಳಬಹುದು.