ಬೆಣ್ಣೆಯ ವಾಕಿಂಗ್

(ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದು. ಶುಭೋದಯದ ಹೂವುಗಳನ್ನೂ ಸ್ಟಿಕ್ಕರ್‌ಗಳನ್ನೂ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.)

ಪುಟ್ಟಿ: ವಿಡಿಯೋ ನೋಡಿ ಎಲ್ಲರೂ. ನಮ್ಮ ಬೆಕ್ಕು ಬೆಣ್ಣೆ ದಿನಾ ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುತ್ತಾನೆ. ಹಗ್ಗ ಇಲ್ಲ, ಏನೂ ಇಲ್ಲ. ಕರೆಯುವುದೂ ಬೇಡ!

ದೊಡ್ಡಪ್ಪ: ಬಾಲ ನೋಡು, ಧ್ವಜದ ಕಂಬ ನಿಲ್ಲಿಸಿದ ಹಾಗಿದೆ.

ಸಾಗರದ ಅತ್ತೆ: ಇದರಲ್ಲಿ ಏನು ವಿಶೇಷ? ನಾನು ಅಡಿಕೆ ಹೆಕ್ಕಲು ತೋಟಕ್ಕೆ ಹೋದರೆ ನಮ್ಮ ಬೆಕ್ಕು ಹಿಂದೆಯೇ ಬರುತ್ತದೆ. ವಿಡಿಯೋ ಮಾಡುವವರು ಇಲ್ಲ ಅಷ್ಟೆ.

ಮೈಸೂರು ಚಿಕ್ಕಪ್ಪ: ಪುಟ್ಟಿ, ಸ್ಕೂಟರ್ ಬರುತ್ತದಲ್ಲ, ಅಲ್ಲಿ ವಿಡಿಯೋ ನಿಲ್ಲಿಸಿ ನೋಡು. ಅಷ್ಟು ಹೊತ್ತು ನೆಟ್ಟಗಿದ್ದ ಬಾಲ ಕೆಳಗೆ ಬಿತ್ತು. ಕೂದಲು ಉಬ್ಬಿದೆ. ಕಿವಿ ಪಕ್ಕಕ್ಕೆ ಮಡಚಿದೆ, ಹೊಟ್ಟೆ ನೆಲಕ್ಕೆ ತಾಗುತ್ತಿದೆ. ನೀನು ಮಾತಾಡುತ್ತಾ ಮುಂದೆ ಹೋಗುತ್ತಿದ್ದೀಯಾ. ಅವನು ಯಾವ ಕಾರಿನ ಕೆಳಗೆ ನುಗ್ಗಲಿ ಅಂತ ನೋಡುತ್ತಿದ್ದಾನೆ.

ಪುಟ್ಟಿ: ಅಯ್ಯೋ ಚಿಕ್ಕಪ್ಪ, ಅದು ಒಂದೇ ಸೆಕೆಂಡ್. ಆಮೇಲೆ ಆರಾಮಾಗಿ ಬಂದ.

ಮೈಸೂರು ಚಿಕ್ಕಪ್ಪ: ಅಪಘಾತಕ್ಕೆ ಒಂದು ಸೆಕೆಂಡ್ ಸಾಕು. ಹಾರ್ನೆಸ್ ಹಾಕು. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಬೇಡ, ಹೆದರಿ ಜಿಗಿದರೆ ಕತ್ತಿಗೆ ಪೆಟ್ಟು. ಎದೆ ಸುತ್ತಿ ಬರುವಂಥದ್ದು ಬೇಕು.

(ಚಿಕ್ಕಪ್ಪ ಪಶುವೈದ್ಯರಾಗಿ ನಿವೃತ್ತರಾದವರು. ಅವರು ಬರೆದರೆ ಗುಂಪು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅತ್ತೆ ಮಾತ್ರ ಆಗುವುದಿಲ್ಲ.)

ಸಾಗರದ ಅತ್ತೆ: ಬೆಕ್ಕಿಗೆ ಹಗ್ಗ ಕಟ್ಟುವುದು ಎಲ್ಲಾದರೂ ಉಂಟಾ ತಮ್ಮಾ? ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದು ಬೆಕ್ಕಿನ ಇಷ್ಟ.

ವಾಲ್ಡಾರ್ಫ್ ಭಾವ: ಅಮ್ಮ, ಇಲ್ಲಿ ಜರ್ಮನಿಯಲ್ಲಿ ನಮ್ಮೂರಲ್ಲಿ ಕಾನೂನೇ ಬಂದಿತ್ತು. 2022ರ ಮೇ ತಿಂಗಳಲ್ಲಿ ಊರಿನ ಒಂದು ಭಾಗದಲ್ಲಿ ಬೆಕ್ಕುಗಳನ್ನು ಆಗಸ್ಟ್ ಕೊನೆವರೆಗೆ ಹೊರಗೆ ಬಿಡಬಾರದು ಅಂತ ಆದೇಶ ಬಂತು. ಹೊರಗೆ ಕರೆದುಕೊಂಡು ಹೋಗಲೇಬೇಕು ಅಂದರೆ ಹಗ್ಗ ಇರಬೇಕಿತ್ತು. ಅದೂ 10 ಮೀಟರ್ ಒಳಗೆ.

ದೊಡ್ಡಪ್ಪ: ಯಾಕಂತೆ?

ವಾಲ್ಡಾರ್ಫ್ ಭಾವ: ಒಂದು ಜುಟ್ಟಿನ ಹಕ್ಕಿಗೋಸ್ಕರ, ದೊಡ್ಡಮಾವ. ಇಲ್ಲಿ ಅದು ಬಹಳ ಕಡಿಮೆಯಾಗಿದೆ. ನೆಲದ ಮೇಲೆ ಗೂಡು ಕಟ್ಟುತ್ತದೆ. ಮರಿಗಳು ಹಾರಲು ಬರುವ ಮೊದಲೇ ಗೂಡು ಬಿಟ್ಟು ನೆಲದಲ್ಲಿ ಓಡಾಡುತ್ತವೆ. ಬೆಕ್ಕಿಗೆ ಇನ್ನೇನು ಬೇಕು ಹೇಳಿ. ಆದೇಶ ಮೀರಿದರೆ 500 ಯೂರೋ ದಂಡ ಇತ್ತು. ಬೆಕ್ಕು ಆ ಹಕ್ಕಿಯನ್ನು ಕೊಂದರೆ 50,000ದವರೆಗೆ.

ದೊಡ್ಡಪ್ಪ: 50,000 ಯೂರೋ! ಅಷ್ಟು ದುಡ್ಡಿದ್ದರೆ ಹಕ್ಕಿಗೂ ಬೆಕ್ಕಿಗೂ ಒಂದೊಂದು ಮನೆ ಕಟ್ಟಿಸಬಹುದಿತ್ತು.

ಸಾಗರದ ಅತ್ತೆ: ಪಾಪ ಬೆಕ್ಕು. ಅಷ್ಟು ತಿಂಗಳು ಒಳಗೆ ಕೂಡಿ ಹಾಕಿದರೆ ಹುಚ್ಚು ಹಿಡಿಯುವುದಿಲ್ವಾ?

ವಾಲ್ಡಾರ್ಫ್ ಭಾವ: ಇಲ್ಲಿನವರೂ ಅದನ್ನೇ ಹೇಳಿ ಜಗಳ ಆಡಿದರು. ಆದರೆ ಹಗ್ಗ ಹಿಡಿದು ಬೆಕ್ಕಿನ ಹಿಂದೆ ಹೋಗುವವರನ್ನು ನೋಡಬೇಕು ನೀವು. ಎರಡು ಹೆಜ್ಜೆ ನಡೆದು ಒಂದು ಗಿಡ ಮೂಸುತ್ತದೆ. ಆಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತದೆ. ಯಜಮಾನರು ಫೋನ್ ನೋಡುತ್ತಾ ನಿಂತಿರುತ್ತಾರೆ. ಅದಕ್ಕೆ ವಾಕಿಂಗ್ ಅಂತ ಹೆಸರು ಅಷ್ಟೆ.

ಪುಟ್ಟಿ: ಕ್ಯಾನ್‌ಬೆರಾದಲ್ಲೂ ಹೀಗೇ ಅಂತೆ. 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಹೊರಗೆ ಅಲೆಯಲು ಬಿಡುವಂತಿಲ್ಲ. ಅದು ಅಲ್ಲಿಗೆ ಸರಿ. ನಮ್ಮ ಬೀದಿಯಲ್ಲಿ ಸಮಸ್ಯೆ ನಾಯಿಗಳದ್ದು. ನಾಯಿ ಅಟ್ಟಿಸಿಕೊಂಡು ಬಂದರೆ ಹಗ್ಗ ಇಲ್ಲದ ಬೆಕ್ಕು ಮರ ಹತ್ತುತ್ತದೆ, ಕಾಂಪೌಂಡ್ ಹಾರುತ್ತದೆ. ಹಗ್ಗ ಕಟ್ಟಿ ನಾನೇ ಅವನನ್ನು ನಾಯಿ ಬಾಯಿಗೆ ಕೊಡಲಾ?

(ಇದಕ್ಕೆ ಥಂಬ್ಸ್ ಅಪ್ ಒತ್ತಿದವರಲ್ಲಿ ನಾನೂ ಒಬ್ಬಳು. ಪ್ರಶ್ನೆ ಸರಿಯಾಗಿಯೇ ಇತ್ತು.)

ಮೈಸೂರು ಚಿಕ್ಕಪ್ಪ: ನಾಯಿ ಕಂಡರೆ ಎತ್ತಿಕೊಳ್ಳಬೇಕು.

ಪುಟ್ಟಿ: ಹೆದರಿದ ಬೆಕ್ಕನ್ನು ಎತ್ತಿಕೊಂಡರೆ ನನ್ನ ಕೈಯ ಚರ್ಮ ಉಳಿಯುತ್ತಾ ಚಿಕ್ಕಪ್ಪ?

ಮೈಸೂರು ಚಿಕ್ಕಪ್ಪ: ಬೆನ್ನಿಗೆ ಹಾಕುವ ಬೆಕ್ಕಿನ ಬ್ಯಾಗ್ ಬರುತ್ತದೆ, ಅದು ಇಟ್ಟುಕೋ. ಅಂದ ಹಾಗೆ, ರೇಬೀಸ್ ಲಸಿಕೆ ಹಾಕಿಸಿದ್ದೀಯಾ?

ಪುಟ್ಟಿ: ಮರಿ ಇದ್ದಾಗ.

ಮೈಸೂರು ಚಿಕ್ಕಪ್ಪ: ಪ್ರತಿ ವರ್ಷ ಹಾಕಿಸಬೇಕು! ಹುಚ್ಚುನಾಯಿ ಕಚ್ಚಿದರೆ ಬೆಕ್ಕಿಗೂ ರೇಬೀಸ್ ಬರುತ್ತದೆ. ಅದು ಕಚ್ಚಿದರೆ ನಿನಗೆ. ಲಕ್ಷಣ ಶುರುವಾದ ಮೇಲೆ ಯಾವ ಡಾಕ್ಟರೂ ಏನೂ ಮಾಡಲು ಆಗುವುದಿಲ್ಲ. ವಾಕಿಂಗ್ ಆಮೇಲೆ, ನಾಳೆ ಮೊದಲು ಇಂಜೆಕ್ಷನ್.

ದೊಡ್ಡಪ್ಪ: ನನ್ನದೊಂದು ಡೌಟು. ಜೊತೆಗೆ ಬರುವ ಬೆಕ್ಕು ಮಧ್ಯದಲ್ಲಿ ಅಡ್ಡ ಹೋದರೆ ಹೊರಟ ಕೆಲಸ ಆಗುತ್ತದಾ?

ಪುಟ್ಟಿ: ಅಪ್ಪಾ, ಹೊರಟ ಕೆಲಸವೇ ವಾಕಿಂಗ್.

ನಾನು: ಅತ್ತೆ, ನಿಮ್ಮ ಬೆಕ್ಕು ಎಲ್ಲಿಯವರೆಗೆ ಬರುತ್ತದೆ? ರಸ್ತೆಗೂ ಬರುತ್ತದಾ?

ಸಾಗರದ ಅತ್ತೆ: ಇಲ್ಲಪ್ಪ. ನಾನು ಬಸ್ಸಿಗೆ ಹೊರಟರೆ ದಣಪೆ, ಅದೇ ನಮ್ಮ ತೋಟದ ಗೇಟು, ಅದರ ಹತ್ತಿರ ಕೂತುಬಿಡುತ್ತದೆ. ಕೂಗುತ್ತದೆ, ಆದರೆ ಒಂದು ಹೆಜ್ಜೆ ಮುಂದೆ ಇಡುವುದಿಲ್ಲ. ಸಂಜೆ ಬರುವಾಗ ಮತ್ತೆ ಅಲ್ಲೇ.

ನಾನು: ನೀವಿಬ್ಬರೂ ಹಗ್ಗದ ಬಗ್ಗೆ ಜಗಳ ಆಡುತ್ತಿದ್ದೀರಿ, ನನಗೆ ಕಾಣುವುದು ಈ ದಣಪೆ. ತೋಟದಲ್ಲಿ ಕೆನ್ನೆ ಉಜ್ಜಿ, ಉಗುರು ಕೆರೆದು, ವಾಸನೆ ಬಿಟ್ಟು ಬೆಕ್ಕು ತನ್ನ ಸರಹದ್ದು ಹಾಕಿಕೊಂಡಿದೆ. ಅದರೊಳಗೆ ಅತ್ತೆಯ ಜೊತೆ ಸುತ್ತುವುದು ಅದಕ್ಕೆ ಖುಷಿ. ದಾಟುವುದು ಬೇಡ, ಅದಕ್ಕೇ ಕೂರುತ್ತದೆ. ಪುಟ್ಟಿ, ಬೆಣ್ಣೆ ಎಲ್ಲಿ ಕೂರುತ್ತಾನೆ?

ಪುಟ್ಟಿ: ...ಮೂಲೆ ಮನೆ ಹತ್ತಿರ. ಹೊಂಗೆ ಮರದ ಕೆಳಗೆ.

ನಾನು: ಆಮೇಲೆ?

ಪುಟ್ಟಿ: ಕರೆಯುತ್ತೇನೆ. ಬರುತ್ತಾನೆ. ತಿಂಡಿ ಪೊಟ್ಟಣ ಅಲ್ಲಾಡಿಸಿದರೆ.

ಮೈಸೂರು ಚಿಕ್ಕಪ್ಪ: "ಕರೆಯುವುದೂ ಬೇಡ" ಅಂತ ಬರೆದಿದ್ದೆ ಮೇಲೆ.

ನಾನು: ಸ್ಕೂಟರ್ ಬಂದದ್ದೂ ಆ ಮರ ದಾಟಿದ ಮೇಲೆಯೇ, ವಿಡಿಯೋದಲ್ಲಿ ಕಾಣುತ್ತದೆ. ಮರದವರೆಗೆ ಅವನ ವಾಕಿಂಗ್, ಅಲ್ಲಿಂದ ಮುಂದೆ ನಿನ್ನದು. ಅವನು ಕೂತಲ್ಲಿಂದ ವಾಪಸ್ ತಿರುಗು, ಅಷ್ಟೇ ನಾನು ಹೇಳುವುದು. ಮುಂದೆ ಹೋಗಲೇಬೇಕು ಅಂದರೆ ಅವನನ್ನು ಮನೆಗೆ ಬಿಟ್ಟು ಹೋಗು.

ಸಾಗರದ ಅತ್ತೆ: ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ. ಬೆಕ್ಕಿನ ಇಷ್ಟ.

ಮೈಸೂರು ಚಿಕ್ಕಪ್ಪ: ಅಕ್ಕ, ನಿಮ್ಮ ತೋಟದಲ್ಲಿ ಸ್ಕೂಟರ್ ಓಡಾಡುವುದಿಲ್ಲ. ಬೆಂಗಳೂರಿನಲ್ಲಿ ಮರದವರೆಗೂ ಹಾರ್ನೆಸ್ ಬೇಕೇ ಬೇಕು.

ಪುಟ್ಟಿ: ಗೆಳತಿಯ ಬೆಕ್ಕಿನದನ್ನು ತಂದು ಹಾಕಿ ನೋಡಿದ್ದೆ ಚಿಕ್ಕಪ್ಪ. ಕೊಕ್ಕೆ ಸಿಕ್ಕಿಸಿದ ಕೂಡಲೇ ಧೊಪ್ಪನೆ ಪಕ್ಕಕ್ಕೆ ಬಿದ್ದ. ನಾಲ್ಕು ಕಾಲೂ ಸೆಟೆದು. ನನ್ನ ಜೀವ ಬಾಯಿಗೆ ಬಂತು.

ಮೈಸೂರು ಚಿಕ್ಕಪ್ಪ: ಎಲ್ಲ ಬೆಕ್ಕೂ ಆ ನಾಟಕ ಆಡುತ್ತವೆ. ಮೊದಲು ಅದನ್ನು ಅವನು ಮಲಗುವ ಜಾಗದಲ್ಲಿ ಸುಮ್ನೆ ಇಡು. ಆಮೇಲೆ ಊಟದ ಹೊತ್ತಿಗೆ ಸ್ವಲ್ಪ ಸ್ವಲ್ಪ ಹಾಕು. ಮನೆಯೊಳಗೆ ಆರಾಮಾಗಿ ನಡೆದ ಮೇಲೆ ಹಗ್ಗ. ಪಟ್ಟಿಯ ಒಳಗೆ ಒಂದೆರಡು ಬೆರಳು ಹೋಗಬೇಕು. ಜಾಸ್ತಿ ಸಡಿಲ ಇದ್ದರೆ ಹಿಂದಕ್ಕೆ ಜಾರಿ ಬಿಡಿಸಿಕೊಳ್ಳುತ್ತಾನೆ.

ಪುಟ್ಟಿ: ಸರಿ. ಆರ್ಡರ್ ಮಾಡಲು ಹೋದರೆ ಎದೆ ಸುತ್ತಳತೆ ಕೇಳುತ್ತಿದ್ದಾರೆ.

ಸಾಗರದ ಅತ್ತೆ: ಬೆಕ್ಕಿಗೆ ರವಿಕೆ ಹೊಲಿಸುತ್ತೀಯೇನೇ?

ಮೈಸೂರು ಚಿಕ್ಕಪ್ಪ: ಮುಂಗಾಲಿನ ಹಿಂದೆ ಟೇಪ್ ಸುತ್ತಿ ಅಳತೆ ತೆಗೆದುಕೋ.

ಪುಟ್ಟಿ: ಸುತ್ತಿದೆ. ಫ್ರಿಜ್ ಮೇಲೆ ಹತ್ತಿ ಕೂತಿದ್ದಾನೆ, ಟೇಪ್ ಸಮೇತ.